ಸೊಂಟದಾಗ ಬಚ್ಚಿಡೋ ಪಿಸ್ತೂಲು ಯಾರ ಕಡೆಗದ?

ಹಾಸ್ಟೆಲಿನ ಗೆಳೆಯರೆ,

ಮೊನ್ನೆ ತಾಜಸುಲ್ತಾನಪುರದ ಸಭೆ ಮುಗಿದ ಮ್ಯಾಲ ನಮ್ಮ ಹತ್ತಿರ ಒಬ್ಬ ಹುಡುಗ ಬಂದ. ಬಿ.ಎ. ಎರಡನೇ ವರ್ಷ. ಊರ ಜಾತ್ರೆಯಲ್ಲಿ ಗುಡಿಯ ಕಟ್ಟೆ ಹತ್ತಿದ ತಪ್ಪಿಗೆ ಅವನ ಅಣ್ಣನಿಗೆ ಬಡಿದು ಕೈ ಮುರಿದಿದ್ದರು. ಅವನು ಕೇಳಿದ್ದು ಒಂದೇ ಮಾತು: "ಅಣ್ಣಾ, ರಿವಾಲ್ವರ್ ಚಲೋನೋ, ಪಿಸ್ತೂಲು ಚಲೋನೋ? ಅಂಗಿ ಒಳಗ ಕಾಣದಂಗ ಯಾವುದು ಕೂಡ್ತದ?" ಫೋನ್ ತೆಗೆದು ಚಿತ್ರ ತೋರಿಸಿದ. ಯಾರೋ ಭೀಮಾ ತೀರದ ಕಡೆಯಿಂದ 'ಕಂಟ್ರಿ' ತಂದುಕೊಡ್ತೀನಿ ಅಂದಿದ್ದಾನಂತೆ.

ನಾವು ನಗಲಿಲ್ಲ. ಬೈಯಲೂ ಇಲ್ಲ. ಬಡಿಸಿಕೊಂಡವನಿಗೆ ಅಹಿಂಸೆಯ ಪಾಠ ಹೇಳೋದು ಬಡಿದವನ ಚಾಕರಿ. ಆ ಚಾಕರಿ ನಮಗೆ ಬ್ಯಾಡ. ಆದರೆ ಅವನ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡಬೇಕು. ಅವನೊಬ್ಬನೇ ಅಲ್ಲ, ಪ್ರತಿ ಹಾಸ್ಟೆಲಿನಾಗೂ ರಾತ್ರಿ ದೀಪ ಆರಿದ ಮ್ಯಾಲ ಈ ಮಾತು ನಡೀತದ ಅಂತ ನಮಗೆ ಗೊತ್ತು.

ಮೊದಲು ಒಂದು ಮಾತು. ಶಸ್ತ್ರದ ಆಸೆ ಪಾಪವಲ್ಲ. ನಮ್ಮ ಕೈಯಿಂದ ಶಸ್ತ್ರ ಕಿತ್ತುಕೊಂಡೇ ಈ ದೇಶದಲ್ಲಿ ಜಾತಿ ನಿಂತಿದೆ. ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ಇದನ್ನು ಬಿಚ್ಚಿಟ್ಟರು. ಶಸ್ತ್ರವೂ ಇಲ್ಲ, ವಿದ್ಯೆಯೂ ಇಲ್ಲ ಅಂತ ಮಾಡಿದ್ದಕ್ಕೇ ಕೆಳಗಿನ ಜನ ಶತಮಾನಗಟ್ಟಲೆ ತಿರುಗಿ ಬೀಳಲಾಗಲಿಲ್ಲ ಎಂಬುದು ಅವರ ವಾದ. ಬಂದೂಕು ಹಿಡಿಯಲಿಕ್ಕೆ ನಮ್ಮಂದಿಗೆ ಬರ್ತಿರಲಿಲ್ಲವೇ? 1818ರ ಜನವರಿ 1ರಂದು ಕೋರೆಗಾಂವದಲ್ಲಿ ಬಂದೂಕು ಹಿಡಿದು ಸತ್ತ ಮಹಾರರ ಹೆಸರು ಅಲ್ಲಿನ ಕಂಬದ ಮೇಲಿದೆ. ಅದೇ ಬ್ರಿಟಿಷರು 1890ರ ದಶಕದಲ್ಲಿ ಇವರು 'ಯೋಧ ಕುಲ'ವಲ್ಲ ಅಂತ ಸೈನ್ಯದ ಬಾಗಿಲು ಮುಚ್ಚಿದರು. ಮತ್ತೆ ಮಹಾರ್ ರೆಜಿಮೆಂಟ್ ಹುಟ್ಟಿದ್ದು 1941ರ ಅಕ್ಟೋಬರಿನಲ್ಲಿ, ನಮ್ಮ ಬೆಳಗಾವಿಯಲ್ಲಿ. ಬೇಕಾದಾಗ ಯೋಧ, ಬ್ಯಾಡಾದಾಗ ಅಸ್ಪೃಶ್ಯ. ಇದು ಅವರ ಲೆಕ್ಕ.

1878ರ ಶಸ್ತ್ರ ಕಾಯ್ದೆ ಬಿಳಿಯನಿಗೆ ವಿನಾಯಿತಿ ಕೊಟ್ಟು ಕರಿಯನಿಗೆ ಲೈಸೆನ್ಸ್ ಕೇಳಿತು. ಸ್ವಾತಂತ್ರ್ಯ ಬಂತು. 1959ರಲ್ಲಿ ಹೊಸ ಶಸ್ತ್ರ ಕಾಯ್ದೆ ಬಂತು. ಕಾಗದದ ಮೇಲೆ ಎಲ್ಲರೂ ಸಮಾನ. ಆ ಕಾಯ್ದೆಯ 14ನೇ ಕಲಮು ಏನು ಹೇಳ್ತದ ಗೊತ್ತೇ? ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಯಾರಿಗೂ ಲೈಸೆನ್ಸ್ ನಿರಾಕರಿಸುವಂತಿಲ್ಲ! ಓದಿದರೆ ಎದೆ ಉಬ್ಬುತ್ತದೆ. ಆದರೆ ಒಂದು ಕಲಮು ಹಿಂದಕ್ಕೆ ಹೋಗಿರಿ. 13ನೇ ಕಲಮಿನಲ್ಲಿ ಬೆಳೆ ಕಾಯಲಿಕ್ಕೆ ಬೇಕು ಅಂದವನಿಗೆ ಬಂದೂಕಿನ ಹಾದಿ ಹಸನು ಮಾಡಿಕೊಟ್ಟಿದ್ದಾರೆ. ಬೆಳೆ ಯಾರದು? ಹೊಲ ಇದ್ದವನದು. ಹೊಲ ಯಾರದು? ಕಮಲಾಪುರದ ಕೆಂಪು ಬಾಳೆಗೆ, ನಮ್ಮ ನೆಲದ ತೊಗರಿಗೆ ಕಾವಲು ಬೇಕು ಅಂದರೆ ಸರಕಾರಕ್ಕೆ ತಿಳೀತದ. ಅದೇ ತೊಗರಿ ಕಟಾವು ಮಾಡಿದ ಹೆಣ್ಣುಮಗಳ ಮೈಗೆ ಕಾವಲು ಬೇಕು ಅಂದರೆ "ಅಪಾಯ ಇದೆ ಅಂತ ರುಜುವಾತು ತಾ" ಅಂತದೆ.

ರುಜುವಾತು ಯಾರು ಕೊಡಬೇಕು? ಪೊಲೀಸ್ ವರದಿ. ಯಾವ ಠಾಣೆಯಲ್ಲಿ ನಮ್ಮ ದೂರಿಗೆ ರಸೀದಿ ಹುಟ್ಟೋದಿಲ್ಲವೋ ಅದೇ ಠಾಣೆಯಿಂದ ನಮ್ಮ ಜೀವಕ್ಕೆ ಅಪಾಯವಿದೆ ಎಂಬ ವರದಿ ಬರಬೇಕು! ಬಂತೇ ಅನ್ನಿರಿ. ಆಮ್ಯಾಲ ತರಬೇತಿಯ ಸರ್ಟಿಫಿಕೇಟು, ಆಮ್ಯಾಲ ಜಿಲ್ಲಾಧಿಕಾರಿ ಅಥವಾ ಪೊಲೀಸ್ ಕಮಿಷನರ್ ಸಾಹೇಬರ ಮರ್ಜಿ. ವಯಸ್ಸು 21 ತುಂಬಿರಬೇಕು. ಫೋನಿನಾಗ ನೋಡ್ತೀರಲ್ಲ, ಆ 9 ಎಂ.ಎಂ. ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಸಿಗೋದು .32ರ ರಿವಾಲ್ವರು, ಪಿಸ್ತೂಲು. ದಿಲ್ಲಿಯ 2012ರ ಅತ್ಯಾಚಾರದ ನಂತರ ಹೆಣ್ಣುಮಕ್ಕಳ ರಕ್ಷಣೆಗೆ ಅಂತ ಕಾನಪುರದ ಸರಕಾರಿ ಕಾರಖಾನೆ 2014ರಲ್ಲಿ 'ನಿರ್ಭೀಕ್' ಎಂಬ ರಿವಾಲ್ವರು ಹೊರತಂದಿತು. ತೂಕ ಅರ್ಧ ಕಿಲೋ. ಕೈಚೀಲದಾಗ ಕೂಡ್ತದ. ಬೆಲೆ? ಆವತ್ತಿನ ಲೆಕ್ಕದಲ್ಲಿ 1,22,360 ರೂಪಾಯಿ! ಕಸ ಹೊಡೆಯುವ ತಾಯಿ, ಕೂಲಿ ಮಾಡುವ ಅಕ್ಕ ಎಷ್ಟು ವರ್ಷ ಉಪವಾಸ ಬಿದ್ದರೆ ಇದು ಕೈಗೆ ಬಂದೀತು? ಆಸ್ತಿ ಇಲ್ಲ ಅಂತ ಲೈಸೆನ್ಸ್ ನಿರಾಕರಿಸಬಾರದು ಎಂಬ ಕಲಮಿಗೆ ಬೆಲೆಚೀಟಿಯೇ ಉತ್ತರ ಹೇಳಿತು.

ಇದೇ ಕರ್ನಾಟಕದ ಕೊಡಗಿನಲ್ಲಿ ಕೊಡವ ಜನಾಂಗದವರಿಗೆ, ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟು ಸರಿ ಅಂತು. ಅವರ ಬಂದೂಕು ಕಸಿಯಿರಿ ಅಂತ ನಾವು ಹೇಳೋದಿಲ್ಲ. ಅವರ ಮೇಲೆ ನಮಗೆ ಹಗೆಯೂ ಇಲ್ಲ. ನಾವು ಕೇಳೋದು ಇಷ್ಟೇ: ಹುಟ್ಟಿನಿಂದ, ಭೂಮಿಯಿಂದ ಒಬ್ಬನನ್ನು ನಂಬಬಹುದು ಅಂತ ಕಾನೂನು ಒಪ್ಪಿದ ಮೇಲೆ, ಹುಟ್ಟಿನಿಂದಲೇ ಏಟು ತಿನ್ನುವವನನ್ನು ಯಾಕೆ ನಂಬೋದಿಲ್ಲ?

ಹಂಗಂದರೆ ಕಾನೂನಿನಲ್ಲಿ ನಮಗೆ ಏನೂ ಇಲ್ಲವೇ? ಇದೆ! ಇದ್ದೂ ನಮಗ್ಯಾರೂ ಹೇಳಿಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ 1995ರಲ್ಲಿ ನಿಯಮಗಳು ಬಂದವು. ಅದರ 3ನೇ ನಿಯಮ ತೆಗೆದು ಓದಿರಿ. ದೌರ್ಜನ್ಯ ನಡೆಯಬಹುದಾದ ಜಾಗಗಳನ್ನು ಸರಕಾರ ಗುರುತಿಸಬೇಕು. ಅಲ್ಲಿ ಅಗತ್ಯ ಕಂಡರೆ ಪರಿಶಿಷ್ಟರಲ್ಲದವರ, ಅವರ ಹತ್ತಿರದ ಬಂಧುಗಳ, ಆಳುಗಳ ಬಂದೂಕಿನ ಲೈಸೆನ್ಸ್ ರದ್ದು ಮಾಡಿ ಬಂದೂಕನ್ನು ಸರಕಾರಿ ಶಸ್ತ್ರಾಗಾರಕ್ಕೆ ಜಮಾ ಮಾಡಿಸಬೇಕು. ಕಳ್ಳ ಬಂದೂಕುಗಳನ್ನು ಜಪ್ತಿ ಮಾಡಬೇಕು. ಅಗತ್ಯ ಕಂಡರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಶಸ್ತ್ರದ ಲೈಸೆನ್ಸ್ ಕೊಡಬೇಕು. ವಿಶೇಷ ಪೊಲೀಸ್ ಪಡೆ ಇಡಬೇಕು.

"ಅಗತ್ಯ ಕಂಡರೆ." ಗೆಳೆಯರೆ, ಇಡೀ ಮೋಸ ಈ ಎರಡು ಶಬ್ದದಾಗ ಅಡಗ್ಯದ. ಯಾರಿಗೆ ಕಾಣಬೇಕು? ಯಾರ ಕಣ್ಣು? ಚುನಾವಣೆ ಬಂದಾಗ ಮಾತ್ರ ಕಣ್ಣು ಚುರುಕಾಗ್ತದ. ಲೈಸೆನ್ಸ್ ಇದ್ದ ಬಂದೂಕು ಠಾಣೆಗೆ ತಂದು ಇಡ್ರಿ ಅಂತ ಊರೂರಿಗೆ ಹುಕುಂ ಹೋಗ್ತದ. ವೋಟಿನ ಪೆಟ್ಟಿಗೆ ಕಾಯಲಿಕ್ಕೆ ಕಾಣೋ ಅಗತ್ಯ ನಮ್ಮ ಓಣಿ ಕಾಯಲಿಕ್ಕೆ ಯಾಕೆ ಕಾಣೋದಿಲ್ಲ? ಬಂದೂಕಿನ ಕೊರತೆ ಅಂತೂ ಇಲ್ಲ. ರಾಜ್ಯ ಮೀಸಲು ಪೊಲೀಸಿನ 6ನೇ ಪಡೆ ಇರೋದೇ ನಮ್ಮ ತಾಜಸುಲ್ತಾನಪುರದಲ್ಲಿ. ಬಂದೂಕು ಕೂಗಳತೆ ದೂರದಾಗ ಅದ. ನ್ಯಾಯ ಮಾತ್ರ ಹರದಾರಿ ದೂರ.

ಈಗ ಆ 'ಕಂಟ್ರಿ'ಯ ಮಾತಿಗೆ ಬರೋಣ. ಸಿನಿಮಾದಾಗ ಭೀಮಾ ತೀರದ ಪಿಸ್ತೂಲು ಛಂದ ಕಾಣ್ತದ. ಆದರೆ ಲೈಸೆನ್ಸ್ ಇಲ್ಲದ ಪಿಸ್ತೂಲು ಸಿಕ್ಕರೆ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, ಹೆಚ್ಚೆಂದರೆ 5 ವರ್ಷ ಜೇಲು. ಗೌಡನ ಮಗ ಸಿಕ್ಕಿಬಿದ್ದರೆ ವಕೀಲ ಓಡಿ ಬರ್ತಾನೆ. ನೀನು ಸಿಕ್ಕಿಬಿದ್ದರೆ ಓಡಿ ಬರೋರು ಯಾರು? ಅವತ್ತಿಗೆ ನಿನ್ನ ಅಣ್ಣನ ಮುರಿದ ಕೈಯ ಕೇಸು ಮುಗೀತು. ಬಡಿದವರು ಸಾಕ್ಷಿಗಳಾಗ್ತಾರೆ, ನೀನು ಆರೋಪಿ. ಅವರಿಗೆ ಬೇಕಾದದ್ದೇ ಅದು! ನೀನು ಸೊಂಟದಾಗ ಇಟ್ಟ ಪಿಸ್ತೂಲಿನ ಬಾಯಿ ತಿರುಗಿ ನಮ್ಮ ಓಣಿಯ ಕಡೆಗೇ ಇರ್ತದ.

ನಾಡ ಪಿಸ್ತೂಲು ಈ ನಾಡಿನಲ್ಲಿ ಯಾರ ಕೆಲಸ ಮಾಡಿದೆ ನೆನಪು ಮಾಡಿಕೊಳ್ಳಿರಿ. 2015ರ ಆಗಸ್ಟ್ 30ರಂದು ಧಾರವಾಡದ ಮನೆ ಬಾಗಿಲಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ಮನೆ ಮುಂದೆ ಗೌರಿ ಲಂಕೇಶರನ್ನು ಕೊಂದರು. 7.65 ಎಂ.ಎಂ.ನ ಒಂದೇ ನಾಡ ಪಿಸ್ತೂಲು ಇಬ್ಬರನ್ನೂ ಕೊಂದಿತು ಅಂತ ಪ್ರಯೋಗಾಲಯದ ವರದಿ ಹೇಳಿತು. ಬಚ್ಚಿಟ್ಟ ಪಿಸ್ತೂಲು ವಿಚಾರವಂತರ ಹಣೆಗೆ ಗುರಿ ಇಟ್ಟಿದೆ. ಜಮೀನ್ದಾರಿಕೆಯ ಹಣೆಗೆ ಇಟ್ಟದ್ದನ್ನು ನಾವು ಕಂಡಿಲ್ಲ.

ಇನ್ನೂ ಒಂದು ಮಾತು. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಸುಟ್ಟರು. ಗುಂಪು ಬಂದು ಬೆಂಕಿ ಇಟ್ಟಾಗ ಸೊಂಟದ ರಿವಾಲ್ವರು ಏನು ಮಾಡೀತು? ಆರು ಗುಂಡು ಇದ್ದಾವು. ಗುಂಪಿನಾಗ ಊರೇ ಇದ್ದೀತು. ಆದರೆ ಎರಡನೇ ಸಲ ಅವರನ್ನು ಸುಟ್ಟದ್ದು ಕೋರ್ಟಿನಲ್ಲಿ. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿ ಹಿಡಿಯಿತು. ಏಳು ಹೆಣ, ಕೊಂದವರು ಯಾರೂ ಇಲ್ಲ!

ಇನ್ನೊಂದು ಊರು ನೋಡಿರಿ, ನಮ್ಮ ಕಲ್ಯಾಣ ಕರ್ನಾಟಕದ್ದೇ. ಕೊಪ್ಪಳ ಜಿಲ್ಲೆಯ ಮರಕುಂಬಿ. 2014ರ ಆಗಸ್ಟ್ 28ರಂದು ದಲಿತರ ಗುಡಿಸಲಿಗೆ ಬೆಂಕಿ ಇಟ್ಟರು. ಹತ್ತು ವರ್ಷ ಕೇಸು ನಡೀತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದೆ ಹೈಕೋರ್ಟಿನಲ್ಲಿ ಬಹಳ ಮಂದಿಗೆ ಜಾಮೀನು ಸಿಕ್ಕಿತು. ಹೌದು, ಲಡಾಯಿ ಮುಗಿದಿಲ್ಲ. ಆದರೆ 98 ಮಂದಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ತೀರ್ಪು ಕೇಳಿಸೋ ಪಿಸ್ತೂಲು ಯಾವ ಕಾರಖಾನೆಯಲ್ಲೂ ತಯಾರಾಗೋದಿಲ್ಲ. ಅದು ಸಾಕ್ಷಿಯ ನಾಲಿಗೆಯಲ್ಲಿ ತಯಾರಾಗ್ತದೆ.

ಹಂಗಾದರೆ ಏನು ಮಾಡೋಣ? ಸುಮ್ಮನೆ ಕೂಡೋಣವೇ? ಬ್ಯಾಡ. ಹಾಸ್ಟೆಲಿನಾಗ ಕೂತೇ ಮಾಡೋ ಕೆಲಸ ಇವೆ.

ಒಂದು: ಹತ್ತು ರೂಪಾಯಿ, ಒಂದು ಹಾಳೆ, 150 ಶಬ್ದ. ಮಾಹಿತಿ ಹಕ್ಕಿನಲ್ಲಿ ಜಿಲ್ಲಾಧಿಕಾರಿ ಕಚೇರಿಗೆ ಕೇಳಿರಿ: ಈ ಜಿಲ್ಲೆಯಲ್ಲಿ ಬಂದೂಕಿನ ಲೈಸೆನ್ಸ್ ಎಷ್ಟು? ಪರಿಶಿಷ್ಟರಿಗೆ ಎಷ್ಟು? 3ನೇ ನಿಯಮದ ಕೆಳಗೆ ರದ್ದು ಮಾಡಿದ್ದು ಎಷ್ಟು? ಕೊಟ್ಟದ್ದು ಎಷ್ಟು? ಉತ್ತರಕ್ಕೆ 30 ದಿನ.

ಎರಡು: ಜಿಲ್ಲಾ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕು. ಜಿಲ್ಲಾಧಿಕಾರಿಯೇ ಅಧ್ಯಕ್ಷ. ಆ ಉತ್ತರ ಹಿಡಿದು ಸಭೆಯ ಬಾಗಿಲಿಗೆ ಹೋಗೋಣ. ದೌರ್ಜನ್ಯ ಆದ ಊರಿನಾಗ ಮೊದಲು ಅವರ ಬಂದೂಕು ಗೋಡೆಯಿಂದ ಇಳೀಲಿ. ನಮಗೆ ಪಿಸ್ತೂಲು ಕೊಡೋ ಮಾತು ಆಮ್ಯಾಲ. ಜೀವದ ಅಪಾಯ ಇದ್ದವರಿಗೆ, ಕೇಸಿನ ಸಾಕ್ಷಿಗಳಿಗೆ ಲೈಸೆನ್ಸ್ ಕೇಳೋಣ. ಕೊಡೋದಿಲ್ಲ ಅಂದರೆ ಕಾರಣ ಬರೆದು ಕೊಡ್ರಿ ಅನ್ನೋಣ. ಕಾಯ್ದೆ ಅದನ್ನೂ ಹೇಳ್ತದೆ.

ಮೂರು: ದೂರು ತಗೊಳ್ಳಲಿಕ್ಕೆ ಮುಂಚೆ ವಿಚಾರಣೆ ಮಾಡ್ತೀವಿ ಅಂತ ಠಾಣೆಯವರು ಅಂದರೆ, 2018ರಲ್ಲಿ ಸೇರಿಸಿದ 18ಎ ಕಲಮು ಬಾಯಿಪಾಠ ಹೇಳಿರಿ. ಅಂಥ ವಿಚಾರಣೆಯ ಜರೂರು ಇಲ್ಲ. ಬೇಕಂತಲೇ ಕರ್ತವ್ಯ ಬಿಟ್ಟ ಅಧಿಕಾರಿಗೆ 4ನೇ ಕಲಮಿನಲ್ಲಿ ಆರು ತಿಂಗಳಿಂದ ಒಂದು ವರ್ಷ ಶಿಕ್ಷೆ ಇದೆ.

ನಾಲ್ಕು: ಸಾಕ್ಷಿ ಹೇಳೋರು ಒಂಟಿಯಾಗಿ ಕೋರ್ಟಿಗೆ ಹೋಗಬಾರದು. ಪ್ರತಿ ವಾಯಿದೆಗೆ ಹಾಸ್ಟೆಲಿನಿಂದ ಹತ್ತು ಮಂದಿ ಹೋಗಿ ಹಿಂದಿನ ಬೆಂಚಿನಾಗ ಕೂಡೋಣ. ಅಷ್ಟೇ ಸಾಕು. ಎದುರಿನವರ ಕಣ್ಣು ಸಾಕ್ಷಿಯ ಮೇಲಿಂದ ಸರೀತದ.

ತಮ್ಮಾ, ನೀನು ಕೇಳಿದ್ದು ಬಚ್ಚಿಡೋ ಶಸ್ತ್ರ. ನಾವು ಬಚ್ಚಿಡೋದರಾಗ ಮೊದಲೇ ಪಳಗಿದವರು. ಬಾಡಿಗೆ ಖೋಲಿ ಸಿಗಲಿ ಅಂತ ಅಡ್ಡಹೆಸರು ಬಚ್ಚಿಟ್ಟೆವು. ಗೆಳೆಯನ ಮನೆಯಲ್ಲಿ ಓಣಿಯ ಹೆಸರು ಬಚ್ಚಿಟ್ಟೆವು. ಡಬ್ಬಿಯೊಳಗಿನ ಊಟ ಬಚ್ಚಿಟ್ಟೆವು. ಈಗ ಪಿಸ್ತೂಲನ್ನೂ ಬಚ್ಚಿಡೋಣವೇ? ಬ್ಯಾಡ. ನಮ್ಮ ಶಸ್ತ್ರ ಯಾವುದೇ ಇರಲಿ, ಎಲ್ಲರಿಗೂ ಕಾಣೋ ಹಂಗ ಇರಲಿ. ಬರುವ ವಾಯಿದೆಗೆ ನಿನ್ನ ಅಣ್ಣನ ಜೋಡಿ ನಾವೂ ಬರ್ತೀವಿ. ತಾರೀಖು ಹೇಳು.

ಜೈ ಭೀಮ್.