ಲೈಫ್‌ಟೈಮ್ ಸತ್ತಿತು, ಈಗ ಅನ್‌ಲಿಮಿಟೆಡ್ ಸರದಿ

ಅನ್‌ಲಿಮಿಟೆಡ್ ಅಂದರೆ ಏನು ಸ್ವಾಮಿ? ಇಂಗ್ಲಿಷ್ ಬಲ್ಲವರು ಹೇಳುತ್ತಾರೆ, ಮಿತಿ ಇಲ್ಲದ್ದು ಎಂದು. ಹಾಗಾದರೆ ನಿಮ್ಮ ಮೊಬೈಲಿನ ಪ್ಯಾಕನ್ನು ಒಮ್ಮೆ ತೆಗೆದು ನೋಡಿ. ಮೇಲೆ ದಪ್ಪ ಅಕ್ಷರದಲ್ಲಿ ಅನ್‌ಲಿಮಿಟೆಡ್. ಅದರ ಕೆಳಗೆ ದಿನಕ್ಕೆ 1.5 ಜಿಬಿ. ಅದರ ಕೆಳಗೆ 28 ದಿನ. ಅದಕ್ಕೂ ಕೆಳಗೆ ಒಂದು ನಕ್ಷತ್ರ. ಆ ನಕ್ಷತ್ರದ ಬಾಲ ಹಿಡಿದು ಹೋದರೆ ಒಂದು ಪುಟ ಇಂಗ್ಲಿಷ್ ಷರತ್ತು. ಮಿತಿಯೇ ಇಲ್ಲ ಅಂದವರ ಒಂದೇ ಪ್ಯಾಕಿನಲ್ಲಿ ಇಷ್ಟೊಂದು ಮಿತಿ!

ಕೇಳಿದರೆ, "ಅದು ಕರೆಗೆ ಸಾರ್, ನೆಟ್ಟಿಗಲ್ಲ" ಅನ್ನುತ್ತಾರೆ. ಇನ್ನೂ ಗಟ್ಟಿಯಾಗಿ ಕೇಳಿದರೆ, "ನೆಟ್ಟೂ ಅನ್‌ಲಿಮಿಟೆಡ್ಡೇ, ಕೋಟಾ ಮುಗಿದ ಮೇಲೆ ಸ್ಪೀಡು 64 ಕೆಬಿಪಿಎಸ್ ಆಗುತ್ತದೆ ಅಷ್ಟೇ" ಅನ್ನುತ್ತಾರೆ. ಈ "ಅಷ್ಟೇ" ಎಷ್ಟು ಅಂತ ನಾನು ಪ್ರೆಸ್ಸಿನಲ್ಲಿ ಕೂತು ಲೆಕ್ಕ ಹಾಕಿದ್ದೇನೆ, ನೀವೂ ಹಾಕಿ. 64 ಕೆಬಿಪಿಎಸ್ ಅಂದರೆ ಸೆಕೆಂಡಿಗೆ 8 ಕೆಬಿ. ಒಂದು ಎಂಬಿ ಇಳಿಯಲು ಎರಡು ನಿಮಿಷ. ಗಿರಾಕಿ ಕಳಿಸುವ ಐದು ಎಂಬಿಯ ಲಗ್ನಪತ್ರಿಕೆ ಪ್ರೂಫಿಗೆ ಹತ್ತು ನಿಮಿಷ. ಗೋಡೆ ಪೋಸ್ಟರಿನ 200 ಎಂಬಿ ಫೈಲಿಗೆ ಹತ್ತಿರ ಹತ್ತಿರ ಏಳು ಗಂಟೆ! ಅಷ್ಟು ಹೊತ್ತಿನಲ್ಲಿ ಗಿರಾಕಿ ಬಸ್ಸು ಹತ್ತಿ ಪೆನ್‌ಡ್ರೈವ್ ತಂದುಕೊಟ್ಟು, ಕಾಫಿ ಕುಡಿದು, ವಾಪಸ್ಸು ಊರು ಸೇರಿರುತ್ತಾನೆ. ನಲ್ಲಿಯಲ್ಲಿ ತೊಟ್ಟಿಕ್ಕುವ ನೀರಿಗೆ ಧಾರಾಳ ಎಂದು ಹೆಸರಿಟ್ಟ ಕಥೆ ಇದು.

ಈಗ ದೊಡ್ಡ ಪ್ರಶ್ನೆ. ಈ ತೊಟ್ಟಿಕ್ಕುವ ಅನ್‌ಲಿಮಿಟೆಡ್ಡಾದರೂ ಉಳಿಯುತ್ತದೆಯೇ? ಕಂಪೆನಿಗಳು ಇದನ್ನು ಮುಂದುವರಿಸುತ್ತವೆಯೇ? ನನ್ನ ಉತ್ತರ ಕೇಳಿ: ಪದವನ್ನು ಉಳಿಸುತ್ತಾರೆ, ಪದಾರ್ಥವನ್ನು ಕೆರೆದು ತೆಗೆಯುತ್ತಾರೆ. ಇದು ಜ್ಯೋತಿಷ್ಯವಲ್ಲ. ಇದೇ ಕೆಲಸವನ್ನು ಇವರು ನಮ್ಮ ಕಣ್ಣೆದುರೇ ಒಮ್ಮೆ ಮಾಡಿ ಮುಗಿಸಿದ್ದಾರೆ.

"ಲೈಫ್‌ಟೈಮ್" ಎಂಬ ಪದ ನೆನಪಿದೆಯೇ? ನಮ್ಮ ವಯಸ್ಸಿನವರಿಗೆ ನೆನಪಿರಬೇಕು. ಕರ್ನಾಟಕದಲ್ಲಿ ಸ್ಪೈಸ್ ಟೆಲಿಕಾಂ ಇದ್ದ ಕಾಲ. ಒಳಬರುವ ಕರೆಗೂ ದುಡ್ಡು ಕೊಡುತ್ತಿದ್ದ ದಿನಗಳು 2003ರ ಮೇ ತಿಂಗಳಿಗೆ ಮುಗಿದಿದ್ದವು. 2005ರ ಕೊನೆಗೆ ಬಂತು 999 ರೂಪಾಯಿಯ ಲೈಫ್‌ಟೈಮ್ ಯೋಜನೆ. ಒಮ್ಮೆ ಕಟ್ಟಿ, ಜೀವಮಾನವಿಡೀ ಕರೆ ಬರುತ್ತಿರುತ್ತದೆ ಎಂದರು. ಕೂಲಿಯವರು, ಆಟೋದವರು, ಹೂ ಮಾರುವವರು ಸಾಲ ಮಾಡಿ ಕಟ್ಟಿದರು. ಆಮೇಲೆ? 2018ರ ಕೊನೆಗೆ ಹೊಸ ರಾಗ ಶುರುವಾಯಿತು. ತಿಂಗಳಿಗೆ ಕನಿಷ್ಠ 35 ರೂಪಾಯಿ ಕರೆನ್ಸಿ ಹಾಕಿಸದಿದ್ದರೆ ಒಳಬರುವ ಕರೆಯೂ ಬಂದ್! ಗಿರಾಕಿಯ ಜೀವ ಇನ್ನೂ ಇತ್ತು, ಜೀವಮಾನದ ಯೋಜನೆ ಸತ್ತಿತ್ತು.

ಆ 35 ಎಲ್ಲಿಗೆ ಬಂತು ನೋಡಿ. ಏರ್‌ಟೆಲ್‌ನದ್ದೇ ಲೆಕ್ಕ ಹಿಡಿಯಿರಿ. 2019ರ ಡಿಸೆಂಬರಿಗೆ 45. 2021ರ ನವೆಂಬರಿಗೆ 99. 2023ರ ಜನವರಿಯಲ್ಲಿ 99ರ ಪ್ಯಾಕನ್ನು ಕೆಲವು ವಲಯಗಳಲ್ಲಿ ತೆಗೆದು 155 ಮಾಡಿದರು, ಆ ಮೊದಲ ಕೆಲವು ವಲಯಗಳಲ್ಲಿ ನಮ್ಮ ಕರ್ನಾಟಕವೂ ಇತ್ತು. 2024ರ ಜುಲೈಗೆ 199. ಐದೂವರೆ ವರ್ಷದಲ್ಲಿ ಐದೂವರೆ ಪಟ್ಟು! ನಡುವೆ ಒಂದಿಷ್ಟು ಕರೆ, ಒಂದಿಷ್ಟು ನೆಟ್ ಸೇರಿಸಿದ್ದಾರೆ, ನಿಜ. ಆದರೆ ಅದನ್ನು ಕೇಳಿದವರು ಯಾರು? ಬರೀ ಮಗನ ಫೋನು ಬಂದರೆ ಸಾಕು ಎನ್ನುವ ಹಳ್ಳಿಯ ತಾಯಿಗೆ ಆ ನೆಟ್ ಏನು ಉಪ್ಪು ಹಾಕಿ ನೆಕ್ಕಲಿಕ್ಕೆಯೇ?

ಜಿಯೋದವರದ್ದೂ ಇದೇ ಹಾಡು. 2016ರ ಸೆಪ್ಟೆಂಬರ್ 5ಕ್ಕೆ ಪಂಕ್ತಿ ಹಾಕಿದರು. ಅದಕ್ಕೆ ಮೊದಲು ನೆಟ್ಟಿನ ಬೆಲೆ ಹೇಗಿತ್ತೆಂದರೆ, ಟ್ರಾಯ್ ಲೆಕ್ಕದ ಪ್ರಕಾರ 2014ರಲ್ಲಿ ಒಂದು ಜಿಬಿಗೆ ಸರಾಸರಿ 269 ರೂಪಾಯಿ. 2018ಕ್ಕೆ ಅದು 12 ರೂಪಾಯಿಯ ಒಳಗೆ ಬಂತು. ಈ ಉಪಕಾರವನ್ನು ಅಲ್ಲಗಳೆಯುವಷ್ಟು ಕೃತಘ್ನ ನಾನಲ್ಲ. ಆದರೆ ಪುಕ್ಕಟೆ ಪಂಕ್ತಿಯಲ್ಲೇ ಎಲೆ ಚಿಕ್ಕದಾಗಿದ್ದನ್ನು ಗಮನಿಸಿದಿರಾ? ಮೊದಲು ದಿನಕ್ಕೆ 4 ಜಿಬಿ, 2017ರ ಹೊಸ ವರ್ಷಕ್ಕೆ 1 ಜಿಬಿ. ಕರೆ ಎಂದೆಂದಿಗೂ ಉಚಿತ ಎಂದಿದ್ದರು, 2019ರ ಅಕ್ಟೋಬರಿನಲ್ಲಿ ಬೇರೆ ಕಂಪೆನಿಯ ನಂಬರಿಗೆ ನಿಮಿಷಕ್ಕೆ 6 ಪೈಸೆ ಹಾಕಿದರು. ಅದನ್ನು ತೆಗೆದದ್ದು 2021ರ ಜನವರಿಗೆ. ಎಂದೆಂದಿಗೂ ಎನ್ನುವ ಮಾತಿಗೆ ಮೂರು ವರ್ಷ ಆಯಸ್ಸು.

ಆ ಪಂಕ್ತಿ ಮುಗಿಯುವ ಹೊತ್ತಿಗೆ ಅಕ್ಕಪಕ್ಕದ ಹೋಟೆಲುಗಳೆಲ್ಲ ಬಾಗಿಲು ಹಾಕಿದ್ದವು. ಏರ್‌ಸೆಲ್ ದಿವಾಳಿ. ಅನಿಲ್ ಅಂಬಾನಿಯ ರಿಲಯನ್ಸ್ ಕಮ್ಯುನಿಕೇಷನ್ಸ್ ದಿವಾಳಿ. ಟೆಲಿನಾರ್, ಟಾಟಾ ಡೊಕೊಮೊ ಎರಡೂ ಏರ್‌ಟೆಲ್ ಹೊಟ್ಟೆಗೆ. ವೊಡಾಫೋನ್, ಐಡಿಯಾ ಒಂದನ್ನೊಂದು ತಬ್ಬಿಕೊಂಡು 2018ರಲ್ಲಿ ಒಂದೇ ಕಂಪೆನಿಯಾದವು. 2019ರ ಅಕ್ಟೋಬರಿನಲ್ಲಿ ಸರ್ಕಾರಕ್ಕೆ ಕಟ್ಟಬೇಕಾದ ಬಾಕಿಯ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು ಬಂದು ಆ ಕಂಪೆನಿ ನೆಲ ಕಚ್ಚಿತು. 2025ರಲ್ಲಿ ಸರ್ಕಾರವೇ ಬಾಕಿಯ ಬದಲಿಗೆ ಅದರ ಸುಮಾರು 49 ಭಾಗದ ಶೇರು ಹಿಡಿದುಕೊಂಡಿತು. ನೆನಪಿಡಿ, ಅನ್‌ಲಿಮಿಟೆಡ್ ಹುಟ್ಟಿದ್ದು ಪೈಪೋಟಿಯಿಂದ, ಯಾರ ದಯೆಯಿಂದಲೂ ಅಲ್ಲ. ಪೈಪೋಟಿ ಸತ್ತರೆ ಅದಕ್ಕೆ ಹಾಲೂಡಿಸುವವರು ಯಾರು?

ನಂಬಿಕೆ ಬಾರದಿದ್ದರೆ ಅಮೆರಿಕಾ ನೋಡಿ. ಅಲ್ಲಿ ಐಫೋನಿನ ಜೊತೆ ಅನ್‌ಲಿಮಿಟೆಡ್ ಕೊಟ್ಟು ಜನರಿಗೆ ರುಚಿ ಹತ್ತಿಸಿದ ಎಟಿ ಅಂಡ್ ಟಿ, 2010ರ ಜೂನಿನಲ್ಲಿ ಹೊಸ ಗಿರಾಕಿಗಳಿಗೆ ಅದನ್ನು ನಿಲ್ಲಿಸಿತು. 25 ಡಾಲರಿಗೆ ತಿಂಗಳಿಗೆ 2 ಜಿಬಿ ಎಂದಿತು. ಮರುವರ್ಷ ವೆರೈಜನ್ ಕೂಡ ಅದೇ ದಾರಿ. ಹಳೇ ಗಿರಾಕಿಗಳ ಅನ್‌ಲಿಮಿಟೆಡ್ ಹಾಗೇ ಉಳಿಸಿದರು, ಆದರೆ ಹೆಚ್ಚು ಬಳಸಿದವರ ಸ್ಪೀಡಿಗೆ ಕತ್ತರಿ. 35 ಲಕ್ಷ ಗ್ರಾಹಕರಿಗೆ ಹೀಗೆ ಮಾಡಿದ್ದಾರೆಂದು ಅಲ್ಲಿನ ವ್ಯಾಪಾರ ಆಯೋಗ 2014ರಲ್ಲಿ ಕೋರ್ಟಿಗೆ ಹೋಯಿತು, 2019ರಲ್ಲಿ ಆರು ಕೋಟಿ ಡಾಲರ್ ಕಕ್ಕಿಸಿತು. ಟಿ-ಮೊಬೈಲ್ ಗಿರಾಕಿಗಳನ್ನು ಎಳೆದುಕೊಳ್ಳತೊಡಗಿದ ಮೇಲೆ, 2017ರಲ್ಲಿ ವೆರೈಜನ್ನಿಗೆ ಮತ್ತೆ ಅನ್‌ಲಿಮಿಟೆಡ್ ಮೇಲೆ ಪ್ರೀತಿ ಉಕ್ಕಿತು! ಪೈಪೋಟಿ ಬಂದಾಗ ಬರುತ್ತದೆ, ಹೋದಾಗ ಹೋಗುತ್ತದೆ. ಸುಳ್ಳು ಹೆಸರಿಟ್ಟವನನ್ನು ಕೋರ್ಟಿಗೆಳೆಯುವ ಆಯೋಗವೊಂದು ಅಲ್ಲಿತ್ತು. ನಮ್ಮಲ್ಲಿ?

ನಮ್ಮಲ್ಲಿ ಟ್ರಾಯ್ ಇದೆ. ದರ ಎಷ್ಟಿಡಬೇಕೆಂಬುದನ್ನು ಕಂಪೆನಿಗಳಿಗೇ ಬಿಟ್ಟಿದೆ. ಇಟ್ಟ ಮೇಲೆ ಏಳು ಕೆಲಸದ ದಿನಗಳೊಳಗೆ ತಿಳಿಸಿದರೆ ಸಾಕು. 2024ರ ಜುಲೈ ಮೊದಲ ವಾರದಲ್ಲಿ ಮೂರೂ ಖಾಸಗಿ ಕಂಪೆನಿಗಳು ಸಾಲಾಗಿ ದರ ಏರಿಸಿದವು. ಜಿಯೋದಲ್ಲಿ ದಿನಕ್ಕೆ 1.5 ಜಿಬಿಯ 239 ರೂಪಾಯಿ ಪ್ಯಾಕು 299 ಆಯಿತು. ಅದೇ ಗದ್ದಲದಲ್ಲಿ ಇನ್ನೊಂದು ಕೆಲಸವನ್ನು ಸದ್ದಿಲ್ಲದೆ ಮಾಡಿದರು. 239 ಕಟ್ಟಿದವನಿಗೂ ಸಿಗುತ್ತಿದ್ದ ಅನ್‌ಲಿಮಿಟೆಡ್ 5ಜಿಯನ್ನು ದಿನಕ್ಕೆ 2 ಜಿಬಿ ಮತ್ತು ಮೇಲ್ಪಟ್ಟ ಪ್ಯಾಕಿನವರಿಗೆ ಮಾತ್ರ ಎಂದರು. 2025ರ ಆಗಸ್ಟಿನಲ್ಲಿ ದಿನಕ್ಕೆ 1 ಜಿಬಿಯ 249ರ ಪ್ಯಾಕನ್ನು ಜಿಯೋ, ಏರ್‌ಟೆಲ್ ಎರಡೂ ತಮ್ಮ ಪಟ್ಟಿಯಿಂದ ಇಳಿಸಿದವು. ಕೆಳಗಿನ ಮೆಟ್ಟಿಲನ್ನು ಕಿತ್ತುಹಾಕಿದರೆ ಜನ ತಾವಾಗಿಯೇ ಮೇಲಿನ ಮೆಟ್ಟಿಲಿಗೆ ಕಾಲಿಡುತ್ತಾರೆ. ಇದಕ್ಕೆ ದರ ಏರಿಕೆ ಎಂದು ಹೆಸರಿಡಬೇಕಾಗಿಯೂ ಇಲ್ಲ.

ಇಷ್ಟಕ್ಕೇ ನಿಲ್ಲುವುದಿಲ್ಲ. ತಿಂಗಳಿಗೆ 160 ರೂಪಾಯಿಗೆ 16 ಜಿಬಿ ಕೊಡುವುದು ದುರಂತ ಎಂದು ಏರ್‌ಟೆಲ್‌ನ ಸುನಿಲ್ ಮಿತ್ತಲ್ 2020ರ ಆಗಸ್ಟಿನಲ್ಲೇ ಹೇಳಿದ್ದರು. ಆ ದುಡ್ಡಿಗೆ 1.6 ಜಿಬಿ ತಗೊಳ್ಳಿ, ಇಲ್ಲವಾದರೆ ಹೆಚ್ಚು ಕೊಡಲು ತಯಾರಾಗಿ ಎಂಬುದು ಅವರ ಮಾತಿನ ತಾತ್ಪರ್ಯ. ಹೆಚ್ಚು ಬಳಸುವವನು ಹೆಚ್ಚು ಕೊಡುವ ಹಾಗೆ ದರದ ಕಟ್ಟಡವನ್ನೇ ಬದಲಿಸಬೇಕು ಎಂದು ಅದೇ ಕಂಪೆನಿಯವರು ಹೂಡಿಕೆದಾರರ ಮುಂದೆ ಮತ್ತೆ ಮತ್ತೆ ಹೇಳುತ್ತಾ ಬಂದಿದ್ದಾರೆ. ಗೊತ್ತಾಯಿತಲ್ಲ? ಬಫೆ ಊಟ ನಿಲ್ಲಿಸಿ ತಟ್ಟೆ ಲೆಕ್ಕ ಶುರು ಮಾಡುವ ಸಿದ್ಧತೆ ಇದು.

ಅವರ ವಾದದಲ್ಲಿ ಹುರುಳಿಲ್ಲವೇ? ಇದೆ. ಒಂದು ಟವರಿನಿಂದ ಸಿಗುವ ಸಾಮರ್ಥ್ಯವನ್ನು ಸುತ್ತಲಿನವರೆಲ್ಲ ಹಂಚಿಕೊಳ್ಳಬೇಕು. ಹತ್ತು ಹುಡುಗರು ಒಟ್ಟಿಗೆ ಕ್ರಿಕೆಟ್ ನೋಡಿದರೆ ಹನ್ನೊಂದನೆಯವನ ಕರೆನ್ಸಿಗೆ ಬೆಲೆಯಿಲ್ಲ. ನೋಕಿಯಾ ವರದಿಯಂತೆ 2024ರಲ್ಲಿ ನಮ್ಮ ದೇಶದ ಒಬ್ಬ ಬಳಕೆದಾರ ತಿಂಗಳಿಗೆ ಸರಾಸರಿ 27.5 ಜಿಬಿ ಉರಿಸಿದ್ದಾನೆ. 2022ರ ತರಂಗಾಂತರ ಹರಾಜಿನಲ್ಲಿ ಸರ್ಕಾರಕ್ಕೆ ಒಂದೂವರೆ ಲಕ್ಷ ಕೋಟಿ ಬಂತು, ಆ ದುಡ್ಡು ಕಂಪೆನಿಯವರ ಮಾವನ ಮನೆಯಿಂದ ಬರುವುದಿಲ್ಲ, ನಮ್ಮ ರೀಚಾರ್ಜಿನಿಂದಲೇ ಬರಬೇಕು. ಅದರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ ಬೇರೆ. ಎಲ್ಲ ಸರಿ.

ಆದರೆ ಹೆಚ್ಚು ಬಳಸುವವನು ಹೆಚ್ಚು ಕೊಡಲಿ ಎಂಬುದು ನ್ಯಾಯವಾದರೆ, ಕಡಿಮೆ ಬಳಸುವವನು ಕಡಿಮೆ ಕೊಡಲಿ ಎಂಬುದೂ ಅದೇ ನ್ಯಾಯದ ಇನ್ನೊಂದು ಮಗ್ಗುಲಲ್ಲವೇ? ಆ ಮಗ್ಗುಲಿಗೆ ಇವರು ತಿರುಗುವುದೇ ಇಲ್ಲ! ನೆಟ್ ಬೇಡದವರಿಗೆ ಬರೀ ಕರೆಯ ಪ್ಯಾಕು ಕೊಡಿ ಎಂದು ಟ್ರಾಯ್ 2024ರ ಡಿಸೆಂಬರ್ 23ಕ್ಕೆ ಆಜ್ಞೆ ಮಾಡಿತು. 2025ರ ಜನವರಿಯಲ್ಲಿ ಕಂಪೆನಿಗಳು ಏನು ಕೊಟ್ಟವು? ಏರ್‌ಟೆಲ್ ಮೊದಲು 84 ದಿನಕ್ಕೆ 499 ಎಂದಿತು. ದರ ಪರಿಶೀಲಿಸುತ್ತೇವೆ ಎಂದು ಟ್ರಾಯ್ ಗಂಟಲು ಸರಿಪಡಿಸಿಕೊಂಡ ಮೇಲೆ 469. ಜಿಯೋ 448. ಭಾಗಿಸಿ ನೋಡಿ, 28 ದಿನಕ್ಕೆ ನೂರೈವತ್ತರ ಆಸುಪಾಸು, ಒಂದು ಹನಿ ನೆಟ್ ಇಲ್ಲದೆ. ಅಂದರೆ ಅನ್ನ ಸಾರು ಬಡಿಸಿದರೂ, ಬರೀ ಅನ್ನ ಬಡಿಸಿದರೂ ಬಿಲ್ಲಿನಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ನಾಳೆ ತಟ್ಟೆ ಲೆಕ್ಕ ಬಂದರೆ ಮೇಲಿನವನ ದರ ಏರುತ್ತದೆ, ಕೆಳಗಿನವನ ದರ ಇಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಇನ್ನು ಆ 28 ದಿನ. ನಾನು ಮುದ್ರಣಾಲಯ ನಡೆಸುವವನು. ಓದಿದ್ದು ಪಿಯುಸಿ. ಸಾವಿರ ಲಗ್ನಪತ್ರಿಕೆಗೆ ಆರ್ಡರು ಹಿಡಿದು 920 ಕೊಟ್ಟರೆ ಹೆಣ್ಣಿನ ಅಪ್ಪ ನನ್ನ ಅಂಗಡಿ ಮುಂದೆ ನಿಂತು ಏನೇನು ಅನ್ನುತ್ತಾನೆ ಎಂಬುದು ನನಗೆ ಗೊತ್ತು. 28 ದಿನಕ್ಕೆ ತಿಂಗಳೆನ್ನುವುದು ಅದೇ ಲೆಕ್ಕ. ವರ್ಷಕ್ಕೆ ಹದಿಮೂರು ರೀಚಾರ್ಜು. ಪ್ರತಿ ವರ್ಷ ಕ್ಯಾಲೆಂಡರ್ ಅಚ್ಚು ಹಾಕುತ್ತೇನೆ, ಪಂಚಾಂಗದಲ್ಲಿ ಹದಿಮೂರು ತಿಂಗಳು ಬರುವುದು ಅಧಿಕ ಮಾಸ ಬಿದ್ದಾಗ ಮಾತ್ರ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತಲ್ಲ, ಹಾಗೆ. ಈ ಮಹಾನುಭಾವರಿಗೆ ಮಾತ್ರ ವರ್ಷ ವರ್ಷವೂ ಅಧಿಕ ಮಾಸ! 30 ದಿನದ ಪ್ಯಾಕು, ತಿಂಗಳ ಅದೇ ತಾರೀಖಿಗೆ ಬರುವ ಪ್ಯಾಕು ಒಂದೊಂದಾದರೂ ಇಡಲೇಬೇಕು ಎಂದು ಟ್ರಾಯ್ 2022ರ ಜನವರಿಯಲ್ಲಿ ಆದೇಶಿಸಿದೆ. ನಿಮ್ಮೂರಿನ ಕರೆನ್ಸಿ ಅಂಗಡಿಯವನು ಎಂದಾದರೂ ಅದನ್ನು ನಿಮಗೆ ಹೇಳಿದ್ದಾನೆಯೇ? ಕೇಳಿ ನೋಡಿ.

"ನೆಟ್ ಕಡಿಮೆ ಆದರೆ ಆಗಲಿ ಬಿಡಿ, ಹುಡುಗರು ರೀಲ್ಸ್ ನೋಡುವುದು ತಪ್ಪುತ್ತದೆ" ಎನ್ನುವ ಹಿರಿಯರಿದ್ದಾರೆ. ಅವರಿಗೊಂದು ಮಾತು. 2023ರಲ್ಲಿ ಗೃಹಜ್ಯೋತಿಗೆ ಅರ್ಜಿ ಎಲ್ಲಿ ಹಾಕಿದಿರಿ? ಸೇವಾಸಿಂಧುವಿನಲ್ಲಿ. ಪಹಣಿ ಎಲ್ಲಿ ನೋಡುತ್ತೀರಿ? ಹಾಲಿನ ದುಡ್ಡು, ತರಕಾರಿ ದುಡ್ಡು ಹೇಗೆ ಕೊಡುತ್ತೀರಿ? ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವ ಹೆಣ್ಣುಮಗಳ ಮನೆಯಲ್ಲಿ ಇರುವುದು ಒಂದೇ ಫೋನು. ಮಗಳ ಪಿಯುಸಿ ಪಾಠ, ಗಂಡನ ಡೆಲಿವರಿ ಕೆಲಸ ಎರಡೂ ಅದರಲ್ಲೇ. ರಾತ್ರಿ ಎಂಟಕ್ಕೆ 1.5 ಜಿಬಿ ಮುಗಿಯುತ್ತದೆ. ಮುಗಿಯುವ ಮುನ್ನ ಕಂಪೆನಿಯಿಂದ ಎಚ್ಚರಿಕೆಯ ಮೆಸೇಜು ಬರುತ್ತದೆ, ಇಂಗ್ಲಿಷಿನಲ್ಲಿ. ಆಕೆಗೆ ಓದಲು ಬರುವುದು ಕನ್ನಡ. ಅದು ಎಚ್ಚರಿಕೆ ಎಂಬುದು ಆಕೆಗೆ ತಿಳಿದದ್ದು ಮಗಳು ಓದಿ ಹೇಳಿದ ಮೇಲೆ.

ಇಲ್ಲೇ ನಮ್ಮ ಭಾಷೆಯ ಪ್ರಶ್ನೆ ಬರುತ್ತದೆ, ನಾನು ಎಳೆದು ತಂದದ್ದಲ್ಲ. ಸಿಮ್ ಮಾರುವಾಗ ಗೋಡೆ ತುಂಬ ಕನ್ನಡ, ಸಿನಿಮಾ ನಟರ ಬಾಯಲ್ಲಿ ಸೊಗಸಾದ ಕನ್ನಡ. ಷರತ್ತಿಗೆ ಬಂದಾಗ ಮಾತ್ರ ಕನ್ನಡ ನಾಪತ್ತೆ! ಆಸೆ ತೋರಿಸಲು ಒಂದು ಭಾಷೆ, ಕೈ ಎತ್ತಲು ಇನ್ನೊಂದು ಭಾಷೆಯೇ? ನಾಮಫಲಕದಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕೆಂದು 2024ರಲ್ಲಿ ನಮ್ಮ ಶಾಸನಸಭೆ ಕಾನೂನು ತಿದ್ದಿತು. ಬೋರ್ಡು ಓದಲು ಕನ್ನಡ ಬೇಕಾದರೆ, ದುಡ್ಡು ಕಟ್ಟುವವನು ಏನಕ್ಕೆ ಕಟ್ಟುತ್ತಿದ್ದಾನೆಂದು ತಿಳಿಯಲು ಬೇಡವೇ? "ದಿನಕ್ಕೆ ಒಂದೂವರೆ ಜಿಬಿ, ಆಮೇಲೆ ಒಂದು ಫೋಟೋ ಇಳಿಯಲು ಹತ್ತು ನಿಮಿಷ, 28 ದಿನ" ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಹಾಕಲಿ. ಮಿತಿ ಇದ್ದ ಪ್ಯಾಕಿನ ಮೇಲೆ ಅನ್‌ಲಿಮಿಟೆಡ್ ಎಂಬ ಪದವನ್ನೇ ಹಾಕಬಾರದು. ಉಳಿದ ನೆಟ್ಟನ್ನು ರಾತ್ರಿ ಹನ್ನೆರಡಕ್ಕೆ ನುಂಗುವುದು ನಿಲ್ಲಲಿ, ನಾಳೆಗೆ ಸೇರಲಿ. ದುಡ್ಡು ಕೊಟ್ಟು ಕೊಂಡದ್ದು ಅದು.

ಬರೆದರೆ ಏನಾಗುತ್ತದೆ ಎನ್ನಬೇಡಿ. 2015ರಲ್ಲಿ ನೆಟ್ಟನ್ನು ಕಂಪೆನಿಗೆ ಬೇಕಾದಂತೆ ತುಂಡು ಮಾಡಿ ಮಾರುವ ಮಾತು ಬಂದಾಗ ಹತ್ತು ಲಕ್ಷಕ್ಕೂ ಮಿಕ್ಕಿ ಇಮೇಲುಗಳು ಟ್ರಾಯ್‌ಗೆ ಹೋದವು. 2016ರ ಫೆಬ್ರವರಿ 8ಕ್ಕೆ ಟ್ರಾಯ್ ಬೇರೆ ಬೇರೆ ವೆಬ್‌ಸೈಟಿಗೆ ಬೇರೆ ಬೇರೆ ದರ ಕೂಡದು ಎಂದು ನಿಷೇಧಿಸಿತು, ಫೇಸ್‌ಬುಕ್ಕಿನ ಪುಕ್ಕಟೆ ನೆಟ್ಟಿನ ಆಟ ಅಲ್ಲಿಗೆ ಮುಗಿಯಿತು. 2024ರ ದರ ಏರಿಕೆಯ ಸಿಟ್ಟಿನಲ್ಲಿ ಲಕ್ಷಾಂತರ ಜನ ಬಿಎಸ್‌ಎನ್‌ಎಲ್‌ಗೆ ಹಾರಿದರು, ಅಲ್ಲಿ ಸಿಗ್ನಲ್ ಸಿಗದೆ ನವೆಂಬರಿನಿಂದ ಮತ್ತೆ ಹಿಂದಕ್ಕೆ ಬರತೊಡಗಿದರು. 2025ರ ಸೆಪ್ಟೆಂಬರಿನಲ್ಲಿ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ದೇಶಕ್ಕೆಲ್ಲ ಬಂತು ಎಂದು ಉದ್ಘಾಟನೆಯಾಗಿದೆ. ನಿಮ್ಮೂರಿನಲ್ಲಿ ಸಿಗ್ನಲ್ ಹೇಗಿದೆ ನೋಡಿ, ಚೆನ್ನಾಗಿದ್ದರೆ ಮನೆಯ ಒಂದು ಸಿಮ್ ಅಲ್ಲಿಗೆ ಹೋಗಲಿ. ನಾಲ್ಕನೆಯ ಅಂಗಡಿ ತೆರೆದಿದ್ದರೆ ಉಳಿದ ಮೂವರಿಗೂ ತಕ್ಕಡಿ ಸರಿಯಾಗಿ ಹಿಡಿಯುವ ಬುದ್ಧಿ ಬರುತ್ತದೆ.

ಮೊದಲು ಕಂಪೆನಿಗೆ ದೂರು ಕೊಡಿ, ದೂರಿನ ನಂಬರು ಬರೆದಿಟ್ಟುಕೊಳ್ಳಿ. ಉತ್ತರ ಸರಿಯಿಲ್ಲದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ, ಅದನ್ನು ಇಟ್ಟಿರಲೇಬೇಕೆಂದು ನಿಯಮವಿದೆ. ಒಬ್ಬೊಬ್ಬರ ದೂರನ್ನು ಟ್ರಾಯ್ ತೆಗೆದುಕೊಳ್ಳುವುದಿಲ್ಲ. ಆದರೆ ಅದು ಚರ್ಚಾಪತ್ರ ಹೊರಡಿಸಿದಾಗ ಯಾರು ಬೇಕಾದರೂ ಅಭಿಪ್ರಾಯ ಕಳಿಸಬಹುದು. ಕನ್ನಡದಲ್ಲೇ ಕಳಿಸಿ, ಅನುವಾದ ಮಾಡಿಸಿಕೊಳ್ಳುವುದು ಅವರ ಕೆಲಸ. ದೂರಿನ ನಮೂನೆ ಬೇಕಾದವರು ಈ ಪತ್ರಿಕೆ ತಂದುಕೊಟ್ಟ ಕಾರ್ಯಕರ್ತರಲ್ಲಿ ಕೇಳಿ. ಸಾವಿರ ಪ್ರತಿ ಅಚ್ಚು ಹಾಕಿಸಿ ಕೊಡುತ್ತಿದ್ದೇನೆ, ಕಾಗದದ ಖರ್ಚೂ ನನ್ನದೇ. ಎಣಿಸಿಕೊಳ್ಳಿ, ಪೂರ್ತಿ ಸಾವಿರ ಇರುತ್ತದೆ.