‘ನನ್ನನ್ನು ಕಂಡಂತೆಯೇ ಹೇಳಿದರು!’

“ನನ್ನ ಸ್ವಭಾವವನ್ನು ಕಂಡಂತೆಯೇ ಹೇಳಿಬಿಟ್ಟರು, ಇನ್ನು ನಂಬದಿರುವುದೆಂತು?” ಕಣಿ ಕೇಳಿ ಬಂದವರ ಬಾಯಿಂದ ಈ ಮಾತನ್ನು ನಾವು ಎಷ್ಟು ಸಲ ಕೇಳಿಲ್ಲ! ಹಾಗೆನ್ನುವವರು ದಡ್ಡರಲ್ಲ, ಓದುಬರಹ ಬಲ್ಲವರು. ಆದುದರಿಂದಲೇ ಈ ಮಾತಿನ ಗುಟ್ಟನ್ನು ಬಯಲಿಗೆಳೆಯುವುದು ಅಗತ್ಯವಾಗಿದೆ.

ಕಣಿ ಹೇಳುವವರು ನುಡಿಯುವುದಾದರೂ ಏನು? ತಾವು ಹೊರಗೆ ಗಟ್ಟಿ, ಒಳಗೆ ಮೃದು. ಪರರಿಗೆ ಉಪಕಾರ ಮಾಡಿದಿರಿ, ಪ್ರತಿಫಲ ದೊರೆಯಲಿಲ್ಲ. ಮನದಲ್ಲೊಂದು ಕೊರಗಿದೆ, ಯಾರಲ್ಲಿಯೂ ಹೇಳಿಕೊಂಡಿಲ್ಲ. ಕನ್ನಡದಲ್ಲಿ ನುಡಿಯಲಿ, ತುಳುವಿನಲ್ಲಿ ನುಡಿಯಲಿ, ಮಲೆಯಾಳದಲ್ಲಿ ನುಡಿಯಲಿ, ಇದು ಒಪ್ಪದ ಮನುಷ್ಯನು ಎಲ್ಲಿರುವನು?

1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಾಂ ಫೋರರ್ ಅವರು ತಮ್ಮ 39 ವಿದ್ಯಾರ್ಥಿಗಳಿಗೆ ಸ್ವಭಾವಪರೀಕ್ಷೆಯೊಂದನ್ನು ನಡೆಸಿ, ಒಂದು ವಾರದ ಬಳಿಕ ಪ್ರತಿಯೊಬ್ಬರಿಗೂ ಅವರವರ ಹೆಸರು ಬರೆದ ವರದಿಯನ್ನು ಹಂಚಿದರು. ಅದು ಎಷ್ಟು ನಿಜವೆಂದು ಅಂಕ ಹಾಕಲು ಹೇಳಿದಾಗ ಬಂದ ಸರಾಸರಿ, 5ಕ್ಕೆ 4.26. ಅನಂತರ ಗುಟ್ಟು ರಟ್ಟಾಯಿತು: 39 ವರದಿಗಳೂ ಅಕ್ಷರಶಃ ಒಂದೇ! ಅದರ ವಾಕ್ಯಗಳಲ್ಲಿ ಹೆಚ್ಚಿನವು ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದಿಂದ ಆಯ್ದವು.

ಅದೇ ದೇಶದ ರೇ ಹೈಮನ್ ಅವರ ಅನುಭವ ಇನ್ನೂ ಸ್ವಾರಸ್ಯವಾದುದು. ಅವರು ಎಳೆಯ ಪ್ರಾಯದಲ್ಲಿ ಹಣಕ್ಕಾಗಿ ಕೈ ನೋಡಿ ಭವಿಷ್ಯ ನುಡಿಯುತ್ತಿದ್ದರು. ತಮ್ಮ ವಿದ್ಯೆಯನ್ನು ತಾವೇ ನಂಬಿದ್ದರು. ಮಿತ್ರರೊಬ್ಬರ ಸಲಹೆಯಂತೆ, ರೇಖೆಗಳು ಸೂಚಿಸುವುದಕ್ಕೆ ತೀರ ವಿರುದ್ಧವಾಗಿ ಹೇಳಿ ನೋಡಿದರು. ಕೇಳಿದವರು ಮೊದಲಿನಷ್ಟೇ ಮೆಚ್ಚಿ ತಲೆದೂಗಿದರು! ಮುಂದೆ ಅವರು ಮನಶ್ಶಾಸ್ತ್ರಜ್ಞರಾದರು.

ಹಾಗಾದರೆ ಅರ್ಥವನ್ನು ತುಂಬಿದವರು ಯಾರು? ನಾವೇ. ಅಸ್ಪಷ್ಟವಾದ ಮಾತು ಬರಿದಾದ ಪಾತ್ರೆಯಂತೆ. ನಮ್ಮ ನೆನಪುಗಳನ್ನು ನಾವೇ ಅದರಲ್ಲಿ ಸುರಿದು, ಹೇಳಿದವನು ತುಂಬಿ ಕೊಟ್ಟನೆಂದು ಬೆರಗಾಗುತ್ತೇವೆ. ಒಪ್ಪಿದ ಒಂದು ಮಾತನ್ನು ಊರಿಗೆಲ್ಲ ಸಾರುತ್ತೇವೆ. ತಪ್ಪಿದ ಹತ್ತನ್ನು ಮರೆಯುತ್ತೇವೆ. ಅದರಲ್ಲಿ ಹೊಗಳಿಕೆಯೂ ಸೇರಿದ್ದರೆ ಕೇಳುವುದೇ ಬೇಡ.

“ಇರಲಿ, ಮನಸ್ಸಿಗೆ ಸಮಾಧಾನವಾಗುವುದಲ್ಲ, ನಷ್ಟವೇನು?” ಎನ್ನುವವರಿದ್ದಾರೆ. ನಷ್ಟವನ್ನು ನಾವು ಕಂಡಿದ್ದೇವೆ. ಸ್ವಭಾವದ ಮಾತು ಗಾಳಕ್ಕೆ ಸಿಕ್ಕಿಸಿದ ಎರೆ. ಅದರ ಹಿಂದೆ ದೋಷವೂ ಪರಿಹಾರವೂ ಬರುತ್ತವೆ. ನಮ್ಮ ಪರಿಚಯದ ತಂದೆಯೊಬ್ಬರು “ನಿಮಗೆ ನಂಬಿದವರಿಂದಲೇ ಮೋಸ” ಎಂಬ ಒಂದು ಮಾತಿಗೆ ಮನಸೋತು, ಮಗಳ ವಿದ್ಯಾಭ್ಯಾಸಕ್ಕೆ ಕೂಡಿಟ್ಟುದನ್ನೆಲ್ಲ ಶಾಂತಿಗೆ ಸುರಿದರು. ಆ ಹುಡುಗಿ ತರಗತಿಗೆ ಮೊದಲಿಗಳು. ಆಕೆಯ ಓದು ನಿಂತಿತು. ನಂಬಿದವರಿಂದಲೇ ಮೋಸವೆಂಬ ಮಾತು ಅಂದೇ ನಿಜವಾಯಿತು!

ಹಿರಿಯರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ನಾವು ಬೇಡುವುದು ಇಷ್ಟೆ: ಹೇಳಿದುದನ್ನು ಕಾಗದದ ಮೇಲೆ ಬರೆದುಕೊಳ್ಳಿ, ನಿಮ್ಮ ಹೆಸರನ್ನು ಅಳಿಸಿ ನೆರೆಮನೆಯವರ ಹೆಸರು ಹಾಕಿ ಅವರಿಗೆ ಓದಿ ಹೇಳಿ. ಅವರೂ “ನನ್ನನ್ನು ಕಂಡಂತೆಯೇ ಇದೆ” ಎಂದರೆ, ಹಣದ ಗಂಟನ್ನು ಬಿಚ್ಚುವ ಮೊದಲು ಮನೆಗೆ ಹಿಂದಿರುಗಿ, ಮಗಳ ಪುಸ್ತಕದ ಚೀಲವನ್ನೊಮ್ಮೆ ನೋಡಿ.