ದ್ವಾರಕೆಯಲ್ಲೊಂದು ಕವಾಟಚಿಂತೆ

ಕಡಲಿನಿಂದ ನೂರಾರು ಮೈಲಿ ದೂರವಿದ್ದೂ ಕಡಲತಡಿಯ ಪುಣ್ಯನಗರಿಯೊಂದರ ಹೆಸರನ್ನು ಹೊತ್ತಿರುವ ದೆಹಲಿಯ ಈ ದ್ವಾರಕೆಯಲ್ಲಿ, ಹತ್ತನೆಯ ಸೆಕ್ಟರಿನ ದಸರೆಯ ಜಾತ್ರೆಯಿಂದ ಮೊಮ್ಮಗನಿಗೆಂದು ಕೊಂಡುತಂದ ತಗಡಿನ ದೋಣಿಯೊಂದು, ಹಳೆಯ ಹಡಗುಗಳ ಉಗಿಯಂತ್ರಗಳ ಕವಾಟಗಳ ವಿಷಯವಾಗಿ ಬಹುಕಾಲದಿಂದ ನನ್ನೊಳಗಿದ್ದ ಮಾತನ್ನು ಹೊರಡಿಸಿತು. ಉಗಿಯ ದಾರಿಯನ್ನು ತೆರೆದು ಮುಚ್ಚುವ ವಾಲ್ವನ್ನು ನಾವು ಕವಾಟವೆನ್ನುತ್ತೇವೆ; ಕವಾಟವೆಂದರೆ ಬಾಗಿಲು, ಲ್ಯಾಟಿನ್ನಿನ ಮೂಲಶಬ್ದಕ್ಕೂ ಬಾಗಿಲ ರೆಕ್ಕೆಯೆಂದೇ ಅರ್ಥ.

ಆ ದೋಣಿಗೆ ಕವಾಟವೇ ಇಲ್ಲ. ಹಿಂಬದಿಯ ಎರಡು ಕೊಳವೆಗಳಿಗೆ ಹನಿಹನಿಯಾಗಿ ನೀರು ತುಂಬಿ, ಬೋಗುಣಿಯಲ್ಲಿ ತೇಲಿಬಿಟ್ಟು, ಎಣ್ಣೆಬತ್ತಿಯನ್ನು ಹೊತ್ತಿಸಿ ಒಳಗೆ ಸರಿಸಿದರೆ, ಸ್ವಲ್ಪ ಹೊತ್ತು ಏನೂ ಆಗದು. ಬಳಿಕ ಉಗಿಯು ಕೊಳವೆಯ ನೀರನ್ನು ಹಿಂದಕ್ಕೆ ಚಿಮ್ಮಿಸುವುದು, ತಣಿದು ಕುಗ್ಗಿದೊಡನೆ ಅದೇ ಕೊಳವೆ ನೀರನ್ನು ಒಳಕ್ಕೆ ಹೀರುವುದು, ತೆಳುವಾದ ತಗಡು ಉಬ್ಬುತ್ತ ತಗ್ಗುತ್ತ ಟಪಟಪನೆ ಸದ್ದುಮಾಡುವುದು. ಹೊರಡುವ ನೀರು ಒಂದೇ ದಿಕ್ಕಿಗೆ ಧಾರೆಯಾಗಿ ನುಗ್ಗುತ್ತದೆ, ಒಳಹೋಗುವ ನೀರಾದರೋ ಸುತ್ತಲಿಂದಲೂ ಬಂದು ಸೇರುತ್ತದೆ; ಆದುದರಿಂದಲೇ ದೋಣಿ ಮುಂದೆ ಸಾಗುತ್ತದೆ. 1891ರಲ್ಲಿಯೇ ಥಾಮಸ್ ಪಿಯೋ ಎಂಬಾತನು ಈ ಬಗೆಯ ಯಂತ್ರಕ್ಕೆ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆಯಲು ಅರ್ಜಿ ಹಾಕಿದ್ದನು.

ಮಹಾನೌಕೆಗಳಿಗೆ ಇಷ್ಟು ಸಾಲದು. ಆದರೂ ಅಲ್ಲಿಯ ಶಿಲ್ಪಿಗಳು ಎಂಥ ವಿಚಿತ್ರ ದ್ವಾರಗಳನ್ನು ಕಲ್ಪಿಸಿದರು! ಸಿಲಿಂಡರನ್ನೇ ತೊಟ್ಟಿಲಿನಂತೆ ತೂಗಬಿಟ್ಟು, ಅದು ತೂಗುವ ಅಚ್ಚನ್ನೇ ಟೊಳ್ಳುಮಾಡಿ, ಆ ಟೊಳ್ಳಿನ ಮೂಲಕವೇ ಉಗಿಯನ್ನು ಜಾರುಕವಾಟಕ್ಕೆ ಒಯ್ಯುವ ಕೌಶಲವನ್ನು ಲಂಡನ್ನಿನ ಜಾನ್ ಪೆನ್ ಪರಿಷ್ಕರಿಸಿದನು. ಅವನ ಕಾರ್ಖಾನೆಯ 1841ರ ಯಂತ್ರವೊಂದು ಡ್ರೆಸ್ಡೆನ್ನಿನ 'ಡೀಸ್‌ಬಾರ್' ಎಂಬ ಹಡಗಿನಲ್ಲಿ ಉಳಿದುಬಂದಿದೆ. 1870ರಲ್ಲಿ ಮುಂಬಯಿಯಿಂದ ಏಡನ್ನಿಗೆ ತಂತಿ ಹಾಸಿದ 'ಗ್ರೇಟ್ ಈಸ್ಟರ್ನ್' ನೌಕೆಯ ಪಕ್ಕದ ಚಕ್ರಗಳನ್ನು ತಿರುಗಿಸುತ್ತಿದ್ದುದೂ 74 ಅಂಗುಲ ವ್ಯಾಸದ ಇಂಥ ನಾಲ್ಕು ತೂಗು ಸಿಲಿಂಡರುಗಳೇ. ಸಣ್ಣ ಯಂತ್ರಗಳಲ್ಲಂತೂ ಬೇರೆ ಕವಾಟವೇ ಬೇಡ; ತೂಗಾಟವೇ ರಂಧ್ರಗಳನ್ನು ತೆರೆದು ಮುಚ್ಚುತ್ತದೆ.

ಚಾಣಕ್ಯಪುರಿಯ ರೈಲು ಸಂಗ್ರಹಾಲಯದಲ್ಲಿ ಮಕ್ಕಳು ಹಳೆಯ ಇಂಜಿನ್ನಿನ ಕವಾಟಸರಳುಗಳನ್ನು ಬಯಲಿನಲ್ಲಿಯೇ ಕಾಣಬಲ್ಲರು. ಹಡಗಿನ ಯಂತ್ರಕ್ಕೆ ಆ ಭಾಗ್ಯವಿಲ್ಲ. ಅದು ಒಡಲೊಳಗೆ ಹುದುಗಿದ್ದು, ಹಡಗು ಮುದಿಯಾದಾಗ ಕಾಣದಂತೆಯೇ ಕರಗಿಹೋಗುತ್ತದೆ. ಮೂಲದ್ವಾರಕೆಯಿರುವ ಸೌರಾಷ್ಟ್ರದ ಕರಾವಳಿಯಲ್ಲಿಯೇ, ಅಲಂಗದ ಮರಳಿನ ಮೇಲೆ, 1983ರಿಂದ ಹಡಗುಗಳನ್ನು ಒಡೆಯುತ್ತ ಬಂದಿದ್ದಾರೆ. ಒಡೆಯುವುದು ಬೇಡವೆನ್ನಲಾರೆ, ಅದು ಅನೇಕರ ಅನ್ನ. ಆದರೆ ಅಪೂರ್ವವಾದ ಯಂತ್ರ ದೊರೆತಾಗ, ಕುಲುಮೆಗೆ ಹಾಕುವ ಮುನ್ನ ಅದರ ಕವಾಟಪೆಟ್ಟಿಗೆಯೊಂದನ್ನಾದರೂ ಎತ್ತಿಡಬೇಕೆಂದು ಸರ್ಕಾರ ವಿಧಿಸಲಿ. 'ಚಪಲ್' ಯುದ್ಧನೌಕೆಯನ್ನು ಜನರ ದರ್ಶನಕ್ಕಿಟ್ಟಿರುವ ನಮ್ಮ ಕಾರವಾರದ ಕಡಲತೀರದಲ್ಲಿ ಅದಕ್ಕೊಂದು ಮಾಡು ಕಟ್ಟಿ, ಪೆಟ್ಟಿಗೆಯ ಒಂದು ಮಗ್ಗುಲನ್ನು ಸೀಳಿ, ಹಿಡಿಯೊಂದನ್ನು ಜೋಡಿಸಿದರೆ ಸಾಕು. ಬಂದ ಹುಡುಗ ಅದನ್ನು ತನ್ನ ಕೈಯಾರೆ ತಿರುಗಿಸಿ, ಉಗಿಯ ದಾರಿ ಎಲ್ಲಿ ತೆರೆಯಿತು, ಎಲ್ಲಿ ಮುಚ್ಚಿತು ಎಂಬುದನ್ನು ಬಗ್ಗಿ ನೋಡಲಿ.